ಗುರಾಣಿಯೂ ಅವನದೇ, ಸುತ್ತಿಗೆಯೂ ಅವನದೇ

ಓವರ್‌ವಾಚ್ ಆಡಿದವರ ಮುಂದೆ ರೋಡ್‌ಹಾಗ್ ಹೆಸರೆತ್ತಿ ನೋಡಿ, ಒಬ್ಬೊಬ್ಬರ ಹತ್ತಿರವೂ ಒಂದೊಂದು ಸಂಕಟದ ಕತೆಯಿರುತ್ತದೆ. ಹಂದಿಮೂತಿಯ ಮುಖವಾಡ, ಯಾವ ಅಂಗಿಗೂ ಸಿಗದ ಹೊಟ್ಟೆ, ಒಂದು ಕೈಯಲ್ಲಿ ಸರಪಳಿ ಕಟ್ಟಿದ ಕೊಕ್ಕೆ, ಇನ್ನೊಂದರಲ್ಲಿ ಗುಜರಿ ಚೂರು ತುಂಬಿದ ಬಂದೂಕು. ಬ್ಲಿಝಾರ್ಡ್ ಕಂಪನಿ 2016ರ ಮೇ ತಿಂಗಳಲ್ಲಿ ಈ ಆಟ ಬಿಟ್ಟಾಗ ಆರು ಜನರೆದುರು ಆರು ಜನ ಆಡುತ್ತಿದ್ದರು. ಹೆಚ್ಚಿನ ಪಾತ್ರಗಳ ಜೀವ 200, ರೋಡ್‌ಹಾಗ್‌ನದು 600. ಇಪ್ಪತ್ತು ಮೀಟರ್ ಆಚೆಯಿಂದ ಕೊಕ್ಕೆ ಬೀಸಿ, ಸಿಕ್ಕವರನ್ನು ಮೂಗಿನ ತುದಿಗೆ ಎಳೆದುಕೊಳ್ಳುತ್ತಿದ್ದ. ಕೊಕ್ಕೆ ತಾಗಿದ್ದಕ್ಕೆ 30 ಪೆಟ್ಟು. ಆಮೇಲೆ ಬಂದೂಕಿನಿಂದ ಒಮ್ಮೆಲೇ 25 ಚೂರು, ಚೂರಿಗೆ 9ರಂತೆ 225. ಇನ್ನೂರು ಜೀವದವರು ಏನಾಯಿತೆಂದು ತಿಳಿಯುವ ಮೊದಲೇ ಹೋಗಿರುತ್ತಿದ್ದರು. ಅವನಿಗೇ ಗಾಯವಾದರೆ ಡಬ್ಬಿಯೊಂದನ್ನು ಮೂತಿಗೆ ಹಿಡಿದು ಉಸಿರೆಳೆದರೆ ಸಾಕು, 300 ಜೀವ ವಾಪಸ್.

ಬೇಗ ಸಾಯದವನೂ ಅವನೇ, ಬೇಗ ಸಾಯಿಸುವವನೂ ಅವನೇ. ಆನ್‌ಲೈನ್ ಆಟಗಳನ್ನು ಕಟ್ಟುವವರ ನಿದ್ದೆ ಕೆಡಿಸುವ ಪಾತ್ರವರ್ಗ ಇದು.

2017ರ ಜೂನ್‌ನಲ್ಲಿ ಬ್ಲಿಝಾರ್ಡ್ ಕತ್ತರಿ ಹಿಡಿಯಿತು. ಬಂದೂಕಿನ ಪೆಟ್ಟಿನಲ್ಲಿ ಮೂರನೇ ಒಂದು ಪಾಲು ಕಡಿತ. ಲೆಕ್ಕ ಹಾಕಿ: ಚೂರಿಗೆ 6ರಂತೆ 25 ಚೂರಿಗೆ 150, ಕೊಕ್ಕೆಯ 30 ಸೇರಿದರೆ 180. ಎಳೆಸಿಕೊಂಡವರ ಬಳಿ ಇನ್ನೂ 20 ಉಳಿಯಿತು. ಬದುಕಿದರು ಎನ್ನಿ. ಆದರೆ ಆಟದಲ್ಲಿ ಪ್ರತಿಯೊಬ್ಬರಿಗೂ ಮುಷ್ಟಿಯ ಗುದ್ದೊಂದಿದೆ, ಅದಕ್ಕೆ ಆಗ 30 ಪೆಟ್ಟು. ಗುಂಡು ಹಾರಿದ ಬೆನ್ನಿಗೇ ಗುದ್ದಲು ಬೆರಳು ಪಳಗಿದವನಿಗೆ ಏನೂ ನಷ್ಟವಾಗಲಿಲ್ಲ. ನಷ್ಟವಾದದ್ದು ಸಂಜೆ ಕೆಲಸ ಮುಗಿಸಿ ಬಂದು ಒಂದೆರಡು ಆಟ ಆಡುವ ಸಾಮಾನ್ಯನಿಗೆ. ಅವನು ಗೋಳಾಡಿದ. ಸುಮಾರು ಎರಡು ತಿಂಗಳಲ್ಲಿ ಕಂಪನಿ ಸಮಾಧಾನಕ್ಕೆ ಇನ್ನೊಂದನ್ನು ಕೊಟ್ಟಿತು: ಡಬ್ಬಿ ಹಿಡಿದು ಉಸಿರೆಳೆಯುವಾಗ ಇನ್ನು ನಡೆಯಬಹುದು, ಆ ಹೊತ್ತಿನಲ್ಲಿ ಬೀಳುವ ಪೆಟ್ಟೂ ಅರ್ಧ. ಅಂದರೆ ಕೊಲ್ಲುವುದನ್ನು ಇಳಿಸಿ, ಸಾಯುವುದನ್ನೂ ಇಳಿಸಿದರು. ಹೊಡೆದರೂ ಬೀಳದ, ಹೊಡೆದರೂ ಬೀಳಿಸದ ಪ್ರಾಣಿಯೊಂದು ಬೀದಿಯಲ್ಲಿ ಅಡ್ಡಾಡತೊಡಗಿತು. ಅದರ ಎದುರು ನಿಲ್ಲುವುದಕ್ಕಿಂತ ಬೇಸರದ ಕೆಲಸ ಆ ಆಟದಲ್ಲಿ ನಾನು ಕಂಡಿಲ್ಲ. 2023ರ ಜನವರಿಯಲ್ಲಿ ಮತ್ತೆ ಕತ್ತರಿ. ಕೊಕ್ಕೆಯ ಪೆಟ್ಟು 30ರಿಂದ 5ಕ್ಕೆ ಇಳಿಯಿತು. ಏಳು ವರ್ಷ ಒಂದೇ ಹಂದಿಯ ಹಿಂದೆ ಓಡಿದ್ದಾರೆ.

ನಾನು ಆಡುವುದು ರೈನ್‌ಹಾರ್ಟ್. ಉಕ್ಕಿನ ಕವಚ ತೊಟ್ಟ, ನರೆತ ಗಡ್ಡದ ಜರ್ಮನ್ ಮುದುಕ. ಎಡಗೈ ಎತ್ತಿದರೆ ಮುಂದೆ, ಆಗ 2000 ಪೆಟ್ಟು ತಡೆಯುತ್ತಿದ್ದ ಬೆಳಕಿನ ಗುರಾಣಿ, ಬಲಗೈಯಲ್ಲಿ ರಾಕೆಟ್ ಕಟ್ಟಿದ ಸುತ್ತಿಗೆ. ಒಂದು ಬೀಸಿಗೆ ಆಗ 75. ಅವನನ್ನು ಹಿಡಿದದ್ದು ಪ್ರೀತಿಯಿಂದಲ್ಲ, ಇಂಟರ್ನೆಟ್ ದೆಸೆಯಿಂದ. ಮೈಸೂರಿನ ನಮ್ಮ ಮನೆಯ ಮಹಡಿಯಿಂದ ಹೋದ ಸಂದೇಶ ಸಿಂಗಪುರದ ಸರ್ವರ್ ಮುಟ್ಟಿ ಬರಬೇಕು. ಪಿಂಗ್ 80ರ ಆಸುಪಾಸಿನಲ್ಲಿದ್ದರೆ ಅಂದು ಹಬ್ಬ; ಮಳೆ ಬಂದರೆ 150. ಅಷ್ಟು ತಡದಲ್ಲಿ ಟ್ರೇಸರಳಂಥ ಮಿಣಕು ಹುಡುಗಿಯ ತಲೆಗೆ ಗುರಿಯಿಡುವುದು ಆಗದ ಮಾತು. ಸುತ್ತಿಗೆಗೆ ಗುರಿ ಬೇಡ, ಎದುರಿಗಿದ್ದರೆ ಆಯಿತು. ನಮ್ಮ ಕಡೆಯ ಎಷ್ಟೋ ಹುಡುಗರು ಹೀಗೇ ಟ್ಯಾಂಕ್ ಆಡಲು ಕಲಿತವರು. ಹಾಗಾಗಿ ಇಲ್ಲಿ ಬರೆಯುತ್ತಿರುವುದು ಗಟ್ಟಿಗರ ಪಕ್ಷದವನ ಮಾತು, ಇಷ್ಟು ತಿಳಿದುಕೊಂಡೇ ಓದಿ.

ಇಂಥ ಆಟಗಳಲ್ಲಿ ಪಾತ್ರಗಳನ್ನು ಸ್ಥೂಲವಾಗಿ ಮೂರು ಗುಂಪು ಮಾಡುತ್ತಾರೆ. ಪೆಟ್ಟು ತಿನ್ನುವ ಟ್ಯಾಂಕ್, ಪೆಟ್ಟು ಕೊಡುವ ಡ್ಯಾಮೇಜ್, ಗಾಯ ಮಾಯಿಸುವ ಸಪೋರ್ಟ್. ಒಬ್ಬೊಬ್ಬರಿಗೂ ಒಂದೊಂದು ಕೊರತೆ ಇರಬೇಕು, ಆಗಲೇ ತಂಡಕ್ಕೆ ಅರ್ಥ. ಹಾಗೆಂದು ಟ್ಯಾಂಕಿಗೆ ಪೆಟ್ಟು ಕೊಡುವ ಶಕ್ತಿಯನ್ನೇ ಕೊಡದಿದ್ದರೆ ಅದನ್ನು ಯಾರೂ ಲೆಕ್ಕಕ್ಕಿಡುವುದಿಲ್ಲ. ಪಕ್ಕದಿಂದ ದಾಟಿ ಹಿಂದಿನ ಹೀಲರನ್ನು ಹೊಡೆದು ಹೋಗುತ್ತಾರೆ. ಭಯ ಹುಟ್ಟಿಸದ ಗೋಡೆಗೆ ಕಾವಲಿನ ಬೆಲೆಯಿಲ್ಲ. ಆದ್ದರಿಂದ ಗಟ್ಟಿಗನಿಗೆ ಪೆಟ್ಟು ಕೊಡಲೇಬೇಕು. ಎಷ್ಟು ಎಂಬುದು ನಂತರದ ಮಾತು. ಮೊದಲು ಕೇಳಬೇಕಾದದ್ದು, ಅವನ ತೊಡೆ ಎಲ್ಲಿ?

ಗದಾಯುದ್ಧದ ಕತೆ ಗೊತ್ತಿದ್ದವರಿಗೆ ಬಿಡಿಸಿ ಹೇಳಬೇಕಿಲ್ಲ. ಗಾಂಧಾರಿಯ ನೋಟ ಬಿದ್ದ ಮೈಯೆಲ್ಲ ವಜ್ರವಾಯಿತು, ನೋಟ ತಾಗದ ತೊಡೆಯೊಂದು ಉಳಿಯಿತು. ದುರ್ಯೋಧನ ಸೋಲಬಲ್ಲವನಾಗಿ ಉಳಿದದ್ದು ಆ ಒಂದು ಜಾಗದಿಂದ. ಆಟ ವಿನ್ಯಾಸ ಮಾಡುವವರೂ ಗಟ್ಟಿ ಪಾತ್ರವೊಂದನ್ನು ಕಟ್ಟುವಾಗ ಬೇಕೆಂದೇ ಒಂದು ತೊಡೆ ಬಿಡುತ್ತಾರೆ. ಅದು ಎದುರಾಳಿಯ ಕೈಗೆ ಎಟುಕುವಂತಿರಬೇಕು, ಸುಲಭಕ್ಕೂ ಸಿಗಬಾರದು. ರೈನ್‌ಹಾರ್ಟ್‌ನ ತೊಡೆ ಅವನ ಸುತ್ತಿಗೆಯ ಅಳತೆ: ಐದು ಮೀಟರ್. ಆರನೇ ಮೀಟರಿನಲ್ಲಿ ನಿಂತವನನ್ನು ಬೀಸಿ ಮುಟ್ಟಲಾರ. ಬೀಸಬೇಕೆಂದರೆ ಗುರಾಣಿ ಇಳಿಸಲೇಬೇಕು, ಅದು ಎರಡನೇ ತೊಡೆ.

ಈ ಸಮಸ್ಯೆ ಓವರ್‌ವಾಚ್‌ಗಿಂತ ಹಳೆಯದು. ಅದೇ ಬ್ಲಿಝಾರ್ಡ್ 2008ರ ನವೆಂಬರ್‌ನಲ್ಲಿ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ಗೆ ಡೆತ್ ನೈಟ್ ಎಂಬ ಹೊಸ ವರ್ಗ ಸೇರಿಸಿತು. ಉಳಿದವರು ಒಂದನೇ ಹಂತದಿಂದ ಹತ್ತಬೇಕಾಗಿದ್ದರೆ ಇವರು ಆಗ ಶುರುವಾಗುತ್ತಿದ್ದದ್ದೇ 55ರಿಂದ. ಮೈಗೆ ಎಲ್ಲಕ್ಕಿಂತ ದಪ್ಪ ಕವಚ, ಕೈಗೆ ದೊಡ್ಡ ಖಡ್ಗ, ಹೊಡೆದರೆ ತಮ್ಮ ಗಾಯವೇ ಮಾಯುವ ಏಟು. ಆಟಗಾರರು ಪರಸ್ಪರ ಸೆಣಸುವ ಅರೀನಾದಲ್ಲಿ ಆ ಚಳಿಗಾಲ ಪೂರ್ತಿ ಇವರದೇ ಕಾರುಬಾರು. ಆಗ ಆ ಆಟದ ಲೆಕ್ಕಾಚಾರದ ಹೊಣೆ ಹೊತ್ತಿದ್ದವರು ಗ್ರೆಗ್ ಸ್ಟ್ರೀಟ್, ಮೊದಲು ಸಾಗರ ವಿಜ್ಞಾನ ಓದಿಕೊಂಡಿದ್ದ ಮನುಷ್ಯ. ಮುಂದೆ ಅವರು ರಯಟ್ ಕಂಪನಿಗೆ ಹೋಗಿ ಲೀಗ್ ಆಫ್ ಲೆಜೆಂಡ್ಸ್‌ನ ವಿನ್ಯಾಸ ನೋಡಿಕೊಳ್ಳತೊಡಗಿದರು. ಅಲ್ಲಿ 2015ರ ಆಗಸ್ಟ್‌ನಲ್ಲಿ ಏನು ಬಂತು ಗೊತ್ತೇ? ಜಗರ್‌ನಾಟ್ ಎಂದೇ ಹೆಸರಿಟ್ಟು ನಾಲ್ವರು ಗಟ್ಟಿಗರಿಗೆ ಹೊಸ ಬಲ ತುಂಬಿದ ಪ್ಯಾಚ್. ಡೇರಿಯಸ್, ಗ್ಯಾರೆನ್, ಮಾರ್ಡೆಕೈಸರ್, ಸ್ಕಾರ್ನರ್. ಅದೂ ಯುರೋಪಿನಲ್ಲಿ ವಿಶ್ವ ಚಾಂಪಿಯನ್‌ಶಿಪ್ ಶುರುವಾಗಲು ಹೆಚ್ಚು ದಿನವಿಲ್ಲದಾಗ. ಕೆಲವರ ಹಣೆಯಲ್ಲಿ ಒಂದೇ ಬರಹ ಎರಡೆರಡು ಸಲ ಬರೆದಿರುತ್ತದೆ.

ಲೀಗ್‌ನವರ ತತ್ತ್ವ ಮಾತ್ರ ನನಗೆ ಒಪ್ಪಿಗೆ. ಜಗರ್‌ನಾಟ್‌ಗೆ ಕೊಡಲಿ ಕೊಡು, ಕವಚ ಕೊಡು, ಕಾಲು ಕೊಡಬೇಡ. ನೆಗೆಯಲಾರ, ಹಾರಲಾರ. ದೂರದಿಂದ ಒಂದು ಬಾಣ ಬಿಟ್ಟು, ಎರಡು ಹೆಜ್ಜೆ ಹಿಂದೆ ಸರಿದು, ಮತ್ತೊಂದು ಬಿಡುವ ಬಿಲ್ಲುಗಾರನಿಗೆ ಅವನು ಬಲಿ. ಆಟಗಾರರು ಇದನ್ನು ಕೈಟಿಂಗ್ ಅನ್ನುತ್ತಾರೆ. ಬೆರಳು ಚುರುಕಿದ್ದವನು ತಪ್ಪಿಸಿಕೊಳ್ಳುತ್ತಾನೆ, ಇಲ್ಲದವನು ಕೊಡಲಿಗೆ ಸಿಗುತ್ತಾನೆ. ಹಾಗಾಗಿ ಕೆಳಗಿನ ದರ್ಜೆಯಲ್ಲಿ ಡೇರಿಯಸ್ ರಾಕ್ಷಸ, ಮೇಲಿನ ದರ್ಜೆಯಲ್ಲಿ ಬೇಟೆ. ಒಂದೇ ಪಾತ್ರ, ಅವೇ ಅಂಕಿಗಳು. ಯಾರ ದೂರಿಗೆ ಕಿವಿಗೊಡುವುದು?

ಈಗ ಸ್ವಲ್ಪ ಲೆಕ್ಕ, ಏಕೆಂದರೆ ಮುಂದಿನ ರಂಪವೆಲ್ಲ ಇದರ ಮೇಲೆ ನಿಂತಿದೆ. ಕವಚ ಎಂದರೆ ಬರೀ ಹೆಚ್ಚುವರಿ ಜೀವವಲ್ಲ. ಲೀಗ್‌ನಲ್ಲಿ ಅದು ಪಾಲಿನ ಲೆಕ್ಕ: ಕವಚ 100 ಇದ್ದರೆ ಬರುವ ಪೆಟ್ಟಿನಲ್ಲಿ ಅರ್ಧ ಮಾತ್ರ ಒಳಗೆ ಇಳಿಯುತ್ತದೆ, ಆ ಪೆಟ್ಟು ಬಾಣದ್ದಾಗಲಿ ಕೊಡಲಿಯದ್ದಾಗಲಿ. ಓವರ್‌ವಾಚ್‌ನಲ್ಲಿ ಆಗ ಇದ್ದದ್ದು ಕಳೆಯುವ ಲೆಕ್ಕ: ತಾಗುವ ಪ್ರತಿ ಗುಂಡಿನಿಂದ 5 ಕಳೆ, ಅದು ಅರ್ಧಕ್ಕಿಂತ ಹೆಚ್ಚಾಗದಿರಲಿ. ನೋಡಲು ಎರಡೂ ಒಂದೇ, ಪರಿಣಾಮ ಬೇರೆ. ಟ್ರೇಸರಳ ಗುಂಡಿಗೆ 6 ಪೆಟ್ಟು. ಕವಚದ ಮೇಲೆ ಅದು 3. ಇನ್ನೊಬ್ಬ ಡ್ಯಾಮೇಜ್ ಪಾತ್ರ ರೀಪರನ ಚೂರಿಗೆ 7. ಕವಚದ ಮೇಲೆ ಮೂರೂವರೆ. ನನ್ನ ಸುತ್ತಿಗೆಗೆ 75; ಕವಚದ ಮೇಲೆ 70. ಪಟಪಟ ಹಾರಿಸುವವನ ಆದಾಯ ಅರ್ಧಕ್ಕರ್ಧ ಹೋಯಿತು, ನನಗೆ ಕಳೆದದ್ದು ಚಿಲ್ಲರೆ. ಕವಚ ಹೆಚ್ಚಿದಷ್ಟೂ ಬಂದೂಕು ಹಿಡಿದವರು ಹಿಂದೆ ಬಿದ್ದು ಸುತ್ತಿಗೆಯವರು ಮುಂದೆ ಬರುತ್ತಾರೆ. ಯಾರು ಉದ್ದೇಶಿಸಲಿ ಬಿಡಲಿ, ಅಂಕಗಣಿತ ತಾನಾಗಿ ಮಾಡಿದ್ದು.

2018ರ ಮಾರ್ಚ್‌ನಲ್ಲಿ ಬ್ರಿಗಿಟ್ ಬಂದಳು. ಹೆಸರಿಗೆ ಸಪೋರ್ಟ್. ಕೈಯಲ್ಲಿ ಸರಪಳಿಗದೆ, ಗುರಾಣಿ, ಗುರಾಣಿಯಿಂದಲೇ ಗುದ್ದಿ ಎದುರಾಳಿಯನ್ನು ತಬ್ಬಿಬ್ಬು ಮಾಡುವ ವಿದ್ಯೆ. ಅವಳು ಯಾರಿಗಾದರೂ ಗದೆ ತಾಗಿಸಿದರೆ ಸುತ್ತಲಿದ್ದ ಗೆಳೆಯರ ಗಾಯ ಮಾಯುತ್ತದೆ. ಜೊತೆಗೆ ಇನ್ನೊಬ್ಬರಿಗೆ ಆಗ ಕವಚ ಹಂಚುತ್ತಿದ್ದಳು. ಟ್ರೇಸರಳಂಥ ಚುರುಕಿನವರ ಕಾಟದಿಂದ ಹೀಲರುಗಳನ್ನು ಉಳಿಸಲಿ ಎಂದು ತಂದ ಪಾತ್ರ. ಆ ಕೆಲಸವನ್ನಂತೂ ಮಾಡಿದಳು. ಆದರೆ ಆ ವರ್ಷ ಉತ್ತರ ಅಮೆರಿಕದ ಓಪನ್ ಡಿವಿಷನ್‌ನಲ್ಲಿ ಆಡುತ್ತಿದ್ದ ಗೋಟ್ಸ್ ಎಂಬ ತಂಡ ಬೇರೆಯದೇ ಲೆಕ್ಕ ಹಾಕಿತು. ಡ್ಯಾಮೇಜ್ ಪಾತ್ರಗಳೇ ಬೇಡ. ಮೂರು ಟ್ಯಾಂಕ್, ಮೂರು ಸಪೋರ್ಟ್. ತಂಡದ ಹೆಸರೇ ಆ ಪದ್ಧತಿಗೆ ಉಳಿಯಿತು.

ಕಿಂಗ್ಸ್ ರೋ ಎಂಬ ಲಂಡನ್ ಬೀದಿಯಲ್ಲಿ ಈ ಗೋಟ್ಸ್ ಹೊರಟು ಬರುವುದನ್ನು ಎದುರು ನಿಂತು ನೋಡಬೇಕು. ಮೂಲೆಯಾಚೆ ತಂಡಕ್ಕೆ ವೇಗ ಕೊಡುವ ಲೂಸಿಯೋನ ಹಾಡು ಏರುವುದು ಕೇಳುತ್ತದೆ, ಮರುಕ್ಷಣ ಆರೂ ಜನ ಓಡುತ್ತ ತಿರುವಿಗೆ ಬಂದಿರುತ್ತಾರೆ. ಮುಂದೆ ರೈನ್‌ಹಾರ್ಟ್‌ನ ನೀಲಿ ಗುರಾಣಿ. ಮಹಡಿಯ ಕಿಟಕಿಯಿಂದ ನಿಮ್ಮ ಸ್ನೈಪರ್ ಗುಂಡು ಹಾರಿಸುತ್ತಾಳೆ, ಗುರಾಣಿ ನುಂಗುತ್ತದೆ. ಗುರಾಣಿ ಇಳಿಯಿತು, ಸರಿ, ಈಗ ಎಲ್ಲರೂ ಹೊಡೆಯಿರಿ ಅನ್ನುವಷ್ಟರಲ್ಲಿ ಝಾರ್ಯ ಅವನ ಮೈಗೆ ಗುಳ್ಳೆಯೊಂದನ್ನು ಹೊದಿಸುತ್ತಾಳೆ. ನೀವು ಗುಳ್ಳೆಗೆ ಹೊಡೆದ ಪ್ರತಿ ಪೆಟ್ಟೂ ಅವಳ ಬಂದೂಕಿಗೆ ಬಲ. ಗುಳ್ಳೆ ಒಡೆಯಿತು, ಡಿ.ವಾ ಮುಂದೆ ಹಾರಿ ನಿಮ್ಮ ಗುಂಡುಗಳನ್ನು ಗಾಳಿಯಲ್ಲೇ ಅಳಿಸುತ್ತಾಳೆ. ಅಷ್ಟರಲ್ಲಿ ಐದು ಮೀಟರ್ ಉಳಿದಿರುವುದಿಲ್ಲ. ಸುತ್ತಿಗೆ ಬೀಸುತ್ತದೆ, ಗದೆ ಬೀಸುತ್ತದೆ, ಗದೆ ತಾಗಿದಷ್ಟೂ ಅವರ ಗಾಯ ಮುಚ್ಚುತ್ತದೆ. ಝೆನ್ಯಾಟ ನಿಮ್ಮಲ್ಲೊಬ್ಬನ ತಲೆಯ ಮೇಲೆ ಶಾಪದ ಗೋಲವೊಂದನ್ನು ತೇಲಿಬಿಟ್ಟರೆ ಆರೂ ಜನ ಅವನ ಮೇಲೆ. ಒಬ್ಬ ಬಿದ್ದ ಮೇಲೆ ಉಳಿದ ಐವರದು ಬರೀ ವಿಧಿ.

ಬಿಡಿಬಿಡಿಯಾಗಿ ನೋಡಿದರೆ ಇವರಲ್ಲಿ ಒಬ್ಬರೂ ಅತಿರೇಕವಲ್ಲ. ಎಲ್ಲರಿಗೂ ವಿನ್ಯಾಸಕಾರರು ತೊಡೆ ಬಿಟ್ಟಿದ್ದರು. ರೈನ್‌ಹಾರ್ಟ್‌ನದು ದೂರ, ಲೂಸಿಯೋನ ವೇಗ ಅದನ್ನು ಮುಚ್ಚಿತು. ಝಾರ್ಯಳದು ಬಲ ತುಂಬಲು ಯಾರಾದರೂ ಹೊಡೆಯಲೇಬೇಕು ಎನ್ನುವುದು; ಮುಂದೆ ಓಡುವ ರೈನ್‌ಹಾರ್ಟ್ ಅದನ್ನು ಒದಗಿಸಿದ. ಬ್ರಿಗಿಟ್‌ಗೆ ಹೊಡೆಸಿಕೊಳ್ಳುವಷ್ಟು ಹತ್ತಿರಕ್ಕೆ ಯಾರಾದರೂ ಬರಬೇಕಿತ್ತು. ಇಡೀ ತಂಡವೇ ಹತ್ತಿರಕ್ಕೆ ಬಂತು. ಒಬ್ಬರ ತೊಡೆಯ ಮೇಲೆ ಇನ್ನೊಬ್ಬರು ಕೈ ಇಟ್ಟು ಕುಳಿತರು. ನನ್ನ ವಾದ ಇಷ್ಟೇ: ಗಟ್ಟಿತನ ಮತ್ತು ಪೆಟ್ಟು ಒಬ್ಬನಲ್ಲೇ ಸೇರಿದಾಗ ಅದು ಕಣ್ಣಿಗೆ ಕಾಣುತ್ತದೆ, ಆಟಗಾರರು ಕೂಗುತ್ತಾರೆ, ಕಂಪನಿ ಕತ್ತರಿಸುತ್ತದೆ. ಅದೇ ಎರಡು ಗುಣ ಸಹವಾಸದಲ್ಲಿ ಸೇರಿದಾಗ ಯಾರನ್ನು ಕತ್ತರಿಸಬೇಕೆಂದೇ ತಿಳಿಯುವುದಿಲ್ಲ.

ತಿಳಿಯಲೂ ಇಲ್ಲ. ಸುಮಾರು ಒಂದೂವರೆ ವರ್ಷ ಬ್ಲಿಝಾರ್ಡ್ ಅಂಕಿಗಳ ಮೇಲೆ ಉಜ್ಜುಗೊರಡು ಆಡಿಸಿತು. ಬ್ರಿಗಿಟ್‌ಳ ಗುರಾಣಿ 600ರಿಂದ 500. ಗುರಾಣಿಯ ಗುದ್ದಿನ ಪೆಟ್ಟು 50 ಇದ್ದದ್ದು 5. 2019ರ ಜನವರಿಯಲ್ಲಿ ಕವಚದ ನಿಯಮಕ್ಕೇ ಕೈಹಾಕಿ, ಪ್ರತಿ ಗುಂಡಿಗೆ 5 ಬದಲು 3 ಕಳೆಯುವಂತೆ ಮಾಡಿದರು. ಟ್ರೇಸರ್ ಆಡುತ್ತಿದ್ದ ನನ್ನ ಗೆಳತಿ ಸುದ್ದಿ ಓದಿ ಕುಣಿದಾಡಿದಳು. ಮೇಲಿನ ಲೆಕ್ಕವನ್ನೇ ಮತ್ತೆ ಮಾಡಿ: ಆರರಲ್ಲಿ ಮೂರು ಕಳೆದರೂ ಮೂರೇ, ಹಿಂದೆ ಅರ್ಧದ ಮಿತಿಯಿಂದ ಉಳಿಯುತ್ತಿದ್ದದ್ದೂ ಮೂರೇ. ಹತ್ತಿರದಿಂದ ಹೊಡೆಯುವ ಟ್ರೇಸರಳಿಗೆ ಒಂದು ಕಾಸೂ ದಕ್ಕಲಿಲ್ಲ. ರೀಪರನಿಗೆ ಚೂರಿಗೆ ಅರ್ಧ ಪೆಟ್ಟು ಹೆಚ್ಚಿತು, ಹೊಡೆದಷ್ಟರಲ್ಲಿ ತನ್ನ ಜೀವಕ್ಕೆ ಸೇರಿಸಿಕೊಳ್ಳುವ ಪಾಲು ನೂರಕ್ಕೆ 30ರಿಂದ 50 ಆಯಿತು. ಅಂದರೆ ಗಟ್ಟಿಗರನ್ನು ಹೊಡೆಯಲು ಇನ್ನೊಬ್ಬ ಗಟ್ಟಿಗನನ್ನು ತಯಾರು ಮಾಡಿದರು!

ಇದರ ಬಿಸಿ ತಟ್ಟಿದ್ದು ಯಾರಿಗೆ ಎಂಬುದೂ ನೋಡುವಂಥದ್ದು. ಗೋಟ್ಸ್ ನಡೆಯಬೇಕಾದರೆ ಆರು ಜನ ಒಂದೇ ಉಸಿರಿನಲ್ಲಿ ನುಗ್ಗಬೇಕು, ಗುಳ್ಳೆ ಯಾವಾಗ, ವೇಗ ಯಾವಾಗ ಎಂದು ಕ್ಷಣಕ್ಷಣಕ್ಕೂ ಕೂಗಿಕೊಳ್ಳಬೇಕು. ನಮ್ಮ ಸಿಂಗಪುರ ಸರ್ವರಿನಲ್ಲಿ ಒಂದು ತಂಡವೆಂದರೆ ಒಬ್ಬ ಟಗಾಲೋಗ್, ಇಬ್ಬರು ಮಲಯ, ಒಬ್ಬ ತಮಿಳು, ಮೈಕನ್ನೇ ಹಾಕದ ಒಬ್ಬ, ಮತ್ತು ನಾನು. ಮುಂದೆ ನುಗ್ಗಿ ತಿರುಗಿ ನೋಡಿದರೆ ಹಿಂದೆ ಯಾರೂ ಇರುತ್ತಿರಲಿಲ್ಲ. ಇಂಥಲ್ಲಿ ಗೋಟ್ಸ್ ಯಾವತ್ತೂ ಪಿಡುಗಾಗಿರಲಿಲ್ಲ. ಆದರೂ ಮೇಲಿನವರ ಕಾಯಿಲೆಗೆ ಬರೆದ ಔಷಧವನ್ನು ಕೆಳಗಿನವರೂ ಕುಡಿಯಬೇಕಾಯಿತು, ಏಕೆಂದರೆ ಎಲ್ಲರಿಗೂ ಆಟ ಒಂದೇ.

ಮೇಲಿನವರ ಕಾಯಿಲೆ ನಿಜಕ್ಕೂ ಜೋರಾಗಿತ್ತು. 2019ರ ಓವರ್‌ವಾಚ್ ಲೀಗ್‌ನ ಎರಡನೇ ಹಂತದಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಶಾಕ್ ತಂಡ ಏಳು ಪಂದ್ಯಗಳಲ್ಲಿ ಆಡಿದ 28 ಮ್ಯಾಪುಗಳನ್ನೂ ಗೆದ್ದಿತು, ಒಂದನ್ನೂ ಬಿಡದೆ. ಆ ವರ್ಷದ ಅತ್ಯಮೂಲ್ಯ ಆಟಗಾರ ಆ ತಂಡದವನು. ಟ್ರೇಸರಳಿಂದ ಹೆಸರು ಮಾಡಿದ್ದ ಹುಡುಗ ಬಹುಪಾಲು ಆಡಿದ್ದು ಝಾರ್ಯ. ಅಂಥ ಬೆರಳುಗಳಿಂದ ಗುಳ್ಳೆ ಊದಿಸುವುದನ್ನು ನೋಡಿ ಜನ ಬೇಸತ್ತರು. ನನಗೆ ಬೇಸರವಾಗಲಿಲ್ಲ ಎಂದು ಮೆಲ್ಲಗೆ ಹೇಳುತ್ತೇನೆ. ಎರಡು ಗೋಟ್ಸ್ ಎದುರುಬದುರಾದಾಗ ಯಾವ ಸುತ್ತಿಗೆ ಯಾವಾಗ ಏಳುತ್ತದೆ ಎಂದು ಓದುವ ಆಟ ಅದು. ನಿಧಾನ, ಒಳಗಿನವರಿಗೆ ಮಾತ್ರ ಕಾಣುವ ರುಚಿ. ಟಿಕೆಟ್ ಕೊಂಡು ಬಂದವರಿಗೆ ಅದನ್ನು ಬಡಿಸಲಾಗುವುದಿಲ್ಲ, ಒಪ್ಪುತ್ತೇನೆ.

ಮಜವೆಂದರೆ, ಮದ್ದು ಆಟಗಾರರ ಕೈಯಲ್ಲೇ ಸಿಕ್ಕಿತು. 2018ರಲ್ಲಿ ಆಡಿದ 40 ಪಂದ್ಯಗಳನ್ನೂ ಸೋತಿದ್ದ ಶಾಂಘೈ ಡ್ರ್ಯಾಗನ್ಸ್, 2019ರ ಜುಲೈನಲ್ಲಿ ಮೂರನೇ ಹಂತದ ಫೈನಲ್‌ಗೆ ಬಂದು, ಹೊಡೆತದ ಪಾತ್ರಗಳನ್ನೇ ಮುಂದಿಟ್ಟು ಇದೇ ಶಾಕ್ ತಂಡವನ್ನು 4-3ರಿಂದ ಕೆಡವಿತು. ನಾಲ್ಕೇ ದಿನದಲ್ಲಿ ಕಂಪನಿಯ ಘೋಷಣೆ ಬಂತು: ಇನ್ನು ಪ್ರತಿ ತಂಡದಲ್ಲಿ ಎರಡು ಟ್ಯಾಂಕ್, ಎರಡು ಡ್ಯಾಮೇಜ್, ಎರಡು ಸಪೋರ್ಟ್, ಹೆಚ್ಚಿಲ್ಲ ಕಡಿಮೆಯಿಲ್ಲ. ಭೀಮ ತೊಡೆಗೆ ಹೊಡೆಯಲು ಯುದ್ಧದ ನಿಯಮ ಮುರಿದ. ಇವರು ಹೊಸ ನಿಯಮವನ್ನೇ ಬರೆದರು. ಆಗಸ್ಟ್‌ನಲ್ಲಿ ಅದು ಎಲ್ಲರ ಆಟಕ್ಕೂ ಬಂತು. ಅದೇ ಪ್ಯಾಚ್‌ನಲ್ಲಿ ಬ್ರಿಗಿಟ್‌ಳ ಗುರಾಣಿ 200ಕ್ಕೆ ಇಳಿಯಿತು. ಶಾಂಘೈಗೆ ಇನ್ನಷ್ಟು ದಿನ ಕೊಟ್ಟಿದ್ದರೆ ಗೋಟ್ಸ್ ತಾನೇ ಸಾಯುತ್ತಿತ್ತು ಎನ್ನುವವರಿದ್ದಾರೆ. ಇರಬಹುದು. ಆದರೂ ಈ ನಿಯಮ ಸರಿ ಎಂದೇ ನನ್ನ ಎಣಿಕೆ. ತಪ್ಪು ಸಹವಾಸದಲ್ಲಿದ್ದರೆ ಸಹವಾಸವನ್ನೇ ಬಿಡಿಸಬೇಕು, ಒಬ್ಬೊಬ್ಬರ ಕೈಕಾಲು ಕತ್ತರಿಸಿ ಪ್ರಯೋಜನವಿಲ್ಲ. ಕುರ್ಚಿ ಎಣಿಸಿಕೊಟ್ಟ ಮೇಲೆ ರೈನ್‌ಹಾರ್ಟ್‌ನ ಸುತ್ತಿಗೆಗೆ 75ರ ಬದಲು 85 ಕೊಡುವ ಧೈರ್ಯವೂ ಮುಂದೆ ಕಂಪನಿಗೆ ಬಂತು.

ಅದರ ಬೆಲೆ ಬೇರೆ ಕಡೆ ತೆರಬೇಕಾಯಿತು. ಬಂದೂಕು ಹಿಡಿಯಲು ಎಲ್ಲರಿಗೂ ಆಸೆ, ಪೆಟ್ಟು ತಿನ್ನಲು ಯಾರಿಗೂ ಇಲ್ಲ. ಡ್ಯಾಮೇಜ್ ಕುರ್ಚಿಗೆ ಉದ್ದನೆಯ ಸಾಲು, ಟ್ಯಾಂಕ್ ಕುರ್ಚಿ ಖಾಲಿ. ಗುಂಡಿ ಒತ್ತಿ ನಾನು ನೇರ ಆಟಕ್ಕಿಳಿಯುತ್ತಿದ್ದೆ. ಟ್ರೇಸರ್ ಗೆಳತಿ ಅಷ್ಟು ಹೊತ್ತಿಗೆ ಅಕ್ಕಿ ತೊಳೆದು ಕುಕ್ಕರ್ ಇಟ್ಟು ಬರುತ್ತಿದ್ದಳು. 2022ರ ಅಕ್ಟೋಬರ್‌ನಲ್ಲಿ ಓವರ್‌ವಾಚ್ 2 ಬಂದಾಗ ತಂಡ ಐದು ಜನರಿಗೆ ಇಳಿಯಿತು, ಟ್ಯಾಂಕ್ ಒಂದೇ ಒಂದು. ಸಾಲು ಕರಗಿತು. ಆದರೆ ಇಬ್ಬರು ಮಾಡುತ್ತಿದ್ದ ಕೆಲಸ ಒಬ್ಬನೇ ಮಾಡಬೇಕಾದಾಗ ಅವನಿಗೆ ಇಬ್ಬರ ಮೈಯೂ ಬೇಕು, ಇಬ್ಬರ ಕೈಯೂ ಬೇಕು. ನನ್ನ ಮುದುಕ ಈಗ ಬೆಂಕಿಯ ಅಲೆಯನ್ನು ಬೆನ್ನುಬೆನ್ನಿಗೆ ಎರಡು ಸಲ ಎಸೆಯುತ್ತಾನೆ, ನುಗ್ಗುವಾಗ ನಡುವೆ ನಿಂತು ತಿರುಗುತ್ತಾನೆ. ಡ್ಯಾಮೇಜ್ ಕುರ್ಚಿಯಲ್ಲಿದ್ದ ಡೂಮ್‌ಫಿಸ್ಟ್‌ನನ್ನು ಎಬ್ಬಿಸಿ ಟ್ಯಾಂಕ್ ಕುರ್ಚಿಗೆ ಕೂರಿಸಿದರು. ಸಾಯದೆ ಸಾಯಿಸುವವನನ್ನು ತಡೆಯಲು ಹೊರಟವರು, ಸುತ್ತಿ ಬಳಸಿ, ಅಂಥವನನ್ನೇ ಪ್ರತಿ ತಂಡಕ್ಕೊಬ್ಬನಂತೆ ಕಡ್ಡಾಯ ಮಾಡಿದರು. ಅವನೊಬ್ಬ ಬಿದ್ದರೆ ಮಿಕ್ಕ ನಾಲ್ವರಿಗೆ ನಿಲ್ಲಲು ನೆಲೆಯಿಲ್ಲ. ಸೋತರೆ ಬೈಗುಳವೆಲ್ಲ ಅವನಿಗೇ.

ಹಳೆಯ ಆರು ಜನರ ಆಟ ಬೇಕೆಂದು ಜನ ಕೇಳುತ್ತಲೇ ಇದ್ದರು. 2024ರ ಡಿಸೆಂಬರ್‌ನಲ್ಲಿ ಕಂಪನಿ ಪರೀಕ್ಷೆಗೆಂದು ಅದನ್ನು ತಂದಿತು. ಷರತ್ತು ಮಾತ್ರ ಜಾಣತನದ್ದು: ಯಾವ ಗುಂಪಿನಲ್ಲೂ ಮೂವರಿಗಿಂತ ಹೆಚ್ಚು ಬೇಡ, ಒಬ್ಬರಿಗಿಂತ ಕಡಿಮೆಯೂ ಬೇಡ. ಮೂರು ಟ್ಯಾಂಕ್ ಇಟ್ಟರೆ ಉಳಿಯುವುದು ಮೂರು ಜಾಗ. ಅದರಲ್ಲೊಂದು ಡ್ಯಾಮೇಜ್‌ಗೆ ಹೋಗಲೇಬೇಕು. ಗೋಟ್ಸ್‌ಗೆ ಸರಿಯಾಗಿ ಒಂದೇ ಕುರ್ಚಿ ಸಾಲದು. ನಾನೂ ಇಳಿದೆ. ಎದುರಿನವರು ಮೂರು ಟ್ಯಾಂಕ್, ಎರಡು ಸಪೋರ್ಟ್ ಕಟ್ಟಿಕೊಂಡು ಬಂದರು. ಡ್ಯಾಮೇಜ್‌ಗೆಂದು ಬಿಟ್ಟ ಒಂಟಿ ಕುರ್ಚಿಯಲ್ಲಿ, ಹೊಡೆದಷ್ಟೂ ಜೀವ ತುಂಬಿಕೊಳ್ಳುತ್ತ, ರೀಪರ್ ಕುಳಿತಿದ್ದ.